ನೀರು ಈ ಕಲ್ಲು ದಾಟಲ್ಲ ಅಂದಿದ್ದೆ

ಸೋಮಲಿಂಗಪ್ಪನವರನ್ನು ನಾನು ಮೊದಲ ಸಲ ನೋಡಿದಾಗ ಅವರು ನನ್ನ ಬೆಂಚಿಗೆ ಗೇಣು ಹಾಕುತ್ತಿದ್ದರು.

ನನ್ನ ಬೆಂಚು ಅಂದರೆ ಕುರುಬರಹಳ್ಳಿ ಪಾರ್ಕಿನ ಹೊಂಗೆ ಮರದ ಕೆಳಗಿನ ಕಲ್ಲುಬೆಂಚು. ಹತ್ತು ವರ್ಷದಿಂದ ದಿನಾ ಸಂಜೆ ಐದಕ್ಕೆ ಅಲ್ಲಿ ಕೂರುತ್ತೇನೆ. ನಾನು ಕೂತೂ ಕೂತೂ ಆ ಕಲ್ಲು ಒಂದು ಕಡೆ ಬೋಗುಣಿ ಥರ ಸವೆದಿದೆ ಎಂದು ಹೇಳಿದರೆ ಮೊಮ್ಮಗ ಶ್ರೀಶ ನಂಬುತ್ತಾನೆ. ಅವನಿಗೆ ಏಳು ವರ್ಷ.

ಬಿಳಿ ಷರಟು ತೊಟ್ಟು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬರು ಬಗ್ಗಿ, ಬೆಂಚಿನ ಈ ತುದಿಯಿಂದ ಆ ತುದಿಗೆ ಗೇಣು ಹಾಕುತ್ತಾ ಹೋಗುತ್ತಿದ್ದರು. ಪಾಲಿಕೆಯವರೇ ಇರಬೇಕು ಅಂದುಕೊಂಡೆ.

"ಏನ್ ಸ್ವಾಮಿ, ಬೆಂಚು ಕೀಳೋಕೆ ಬಂದ್ರಾ? ಕೀಳೋದಾದ್ರೆ ನನ್ನೂ ಸೇರ್ಸಿ ಲಾರಿಗೆ ಹಾಕ್ಕೊಳಿ."

ಅವರು ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದರು. "ಇಲ್ರೀ ಅಮ್ಮಾರೆ. ಇಬ್ರು ಕೂರಬೋದಾ ಅಂತ ನೋಡ್ತಿದ್ದೆ. ಆರೂವರೆ ಗೇಣು ಐತಿ. ಧಾರಾಳ."

ಕೇಳಿದ್ದರೆ ಆಗುತ್ತಿತ್ತಲ್ಲ, ಅಳೆಯುವುದು ಯಾಕೆ ಎಂದೆ. ಮೂವತ್ತಾರು ವರ್ಷ ಸರ್ವೆ ಇಲಾಖೆಯಲ್ಲಿ ಊರೂರ ಹೊಲ ಅಳೆದ ಕೈ, ಸುಮ್ಮನಿರಲ್ಲ ಎಂದರು. ದಾವಣಗೆರೆಯವರು. ಹೆಂಡತಿ ತೀರಿಕೊಂಡ ಮೇಲೆ ಬಸವೇಶ್ವರನಗರದಲ್ಲಿರುವ ಮಗಳ ಮನೆಗೆ ಬಂದಿದ್ದರು. ಒಂಬತ್ತು ವರ್ಷದ ಮೊಮ್ಮಗಳು ಅನಘಾ ಅಷ್ಟರಲ್ಲೇ ನಮ್ಮ ಶ್ರೀಶನ ಜೊತೆ ಜಾರುಬಂಡೆ ಹತ್ತಿಯಾಗಿತ್ತು.

ಅವತ್ತಿನಿಂದ ಅವರು ಬೆಂಚಿನ ಆ ತುದಿ, ನಾನು ಈ ತುದಿ. ನಡುವೆ ಮೂರು ಗೇಣು ಜಾಗ. ನಾನೂ ಕಣ್ಣಲ್ಲೇ ಅಳೆದಿದ್ದೆ.

ಮೂರನೇ ವಾರದಲ್ಲಿ ನಾನು ಆ ಸುಳ್ಳು ಹೇಳಿದೆ.

ಪಕ್ಕದ ಬೀದಿಯ ಕಲ್ಯಾಣಮ್ಮ ಬಂದು, ಮಕ್ಕಳ ಜೊತೆ ಎಲ್ಲೆಲ್ಲೋ ಸುತ್ತಿ ಬಂದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಒಂದೊಂದು ಕಲ್ಲಿನ ಮುಂದೂ ಹತ್ತತ್ತು ಫೋಟೋ. ಕೊನೆಗೆ ಮೊಬೈಲು ಮುಚ್ಚಿ, "ನಿಮ್ಮ ಯಜಮಾನ್ರು ನಿಮ್ಮನ್ನ ಎಲ್ಲಿಗೂ ಕರ್ಕೊಂಡೇ ಹೋಗ್ಲಿಲ್ಲ ಅಲ್ವಾ ಗಂಗಮ್ಮ. ಪಾಪ" ಎಂದಳು.

ನಿಜವನ್ನೇ ಹೇಳಿದ್ದಳು. ತೀರಿಕೊಂಡ ನಮ್ಮ ಯಜಮಾನರು ಚನ್ನಕೇಶವ ಕೆಟ್ಟವರಲ್ಲ. ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಹಸು ಕಟ್ಟಿದವರು. ಬೆಳಿಗ್ಗೆ ಹಾಲು, ಸಂಜೆ ಹಾಲು. "ಹಸು ಬಿಟ್ಟು ಎಲ್ಲಿಗೆ ಹೋಗೋದೇ" ಎಂಬ ಒಂದೇ ಮಾತಲ್ಲಿ ಮೂವತ್ತೊಂದು ವರ್ಷ ಮುಗಿದುಹೋಯಿತು. ಅದು ನನಗೆ ಅಭ್ಯಾಸವಾಗಿತ್ತು. ಆದರೆ ಆ "ಪಾಪ" ಅನ್ನುವುದು ಸೋಮಲಿಂಗಪ್ಪನವರ ಎದುರಿಗೆ ಬಿತ್ತು. ನನ್ನ ಕಿವಿ ಬಾಣಲೆಯಷ್ಟು ಕಾದುಹೋಯಿತು.

"ಯಾಕ್ ಹೋಗಿಲ್ಲ? ಮಲ್ಪೆ ಹತ್ರ ದ್ವೀಪ ಇದ್ಯಲ್ಲ, ಅಲ್ಲಿಗೆ ಕರ್ಕೊಂಡು ಹೋಗಿದ್ರು. ಮಗ ಮಧುಕುಮಾರ ಇಷ್ಟೇ ಇದ್ದ. ದೋಣಿ ಇಳಿಯೋವಾಗ ನಾನು ಹೆದರ್ಕೋತೀನಿ ಅಂತ ಕೈ ಹಿಡ್ಕೊಂಡೇ ಇಳ್ಸಿದ್ರು. ಕಾಲಿಗೆ ಒಂದು ಹನಿ ನೀರು ಸೋಕ್ಲಿಲ್ಲ."

ನಾನು ಆವರೆಗೆ ಸಮುದ್ರವನ್ನು ನೋಡಿದ್ದು ಟೀವಿಯಲ್ಲಿ, ಅದೂ ಸೊಸೆ ರಮ್ಯ ಚಾನೆಲ್ ಬದಲಾಯಿಸುವಾಗ.

ಕಲ್ಯಾಣಮ್ಮ ಹೋದಳು. ಸೋಮಲಿಂಗಪ್ಪನವರು ಜೇಬಿನಿಂದ ಉದ್ದನೆಯ ನೋಟ್‌ಬುಕ್ಕು ತೆಗೆದು, ಕಿವಿಯ ಪೆನ್ಸಿಲ್ ಇಳಿಸಿದರು. "ಮಕ್ಕಳಿಗೆ ಅಲ್ಲಿ ಆಡಾಕೆ ಏನೇನೈತ್ರಿ?" ಎಂದು ಕೇಳಿದರು.

ಅಲ್ಲಿಂದ ಶುರು. ಎಂಟು ತಿಂಗಳು ನಾನು ಹೇಳಿದೆ, ಅವರು ಬರೆದುಕೊಂಡರು. ಮರಳಲ್ಲಿ ಊರು ಕಟ್ಟಿದ್ದು, ಏಡಿಗಳಿಗೆ ಹೆಸರಿಟ್ಟು ಓಟ ಬಿಟ್ಟಿದ್ದು, ಕಂಬ ಕಂಬದ ಕಲ್ಲುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದು. ಅರ್ಧ ಶ್ರೀಶ ಮೊಬೈಲಿನಲ್ಲಿ ತೋರಿಸಿದ್ದು, ಅರ್ಧ ನನ್ನ ತಲೆಯದು. ಒಂದು ಸಂಜೆ ಹುರುಪು ಹೆಚ್ಚಾಗಿ, ನಮ್ಮ ಅಟ್ಟದಷ್ಟು ಅಗಲದ ಆಮೆಯ ಮೇಲೆ ದ್ವೀಪವನ್ನು ಎರಡು ಸುತ್ತು ಹಾಕಿದೆ ಎಂದೆ.

"ಆಮೆ ಎಡಕ್ಕೆ ತಿರುಗ್ತಾ, ಬಲಕ್ಕಾ?" ಎಂದು ಅವರು ತಲೆ ಎತ್ತದೆ ಕೇಳಿದರು.

"ಎಡಕ್ಕೆ ಸಾಹೇಬ್ರೇ. ದೇವಸ್ಥಾನ ಸುತ್ತಿದ ಹಾಗೆ ಆಗ್ಬಾರ್ದು ನೋಡಿ."

ಅವರ ಮೀಸೆಯ ಒಂದು ತುದಿ ಮೇಲೆ ಹೋಯಿತು. ಆ ತುದಿ ನೋಡುವುದಕ್ಕಾಗಿ ನಾನು ಮಧ್ಯಾಹ್ನವಿಡೀ ಸುಳ್ಳು ಹೊಸೆಯುತ್ತಾ ಕೂರುತ್ತಿದ್ದೆ. ಅರವತ್ತಾರು ವರ್ಷದ ಹೆಂಗಸು, ನಾಲ್ಕೂವರೆಗೇ ಸೀರೆ ಬದಲಾಯಿಸಿ ಗಡಿಯಾರ ನೋಡುತ್ತಿದ್ದೆ. ರಮ್ಯ ಅಡುಗೆಮನೆಯಿಂದ, "ಅತ್ತೆ, ಪಾರ್ಕಿಗಾ ಮದುವೆಗಾ?" ಎನ್ನುತ್ತಿದ್ದಳು. ನಾನು ಕೇಳಿಸದವಳ ಹಾಗೆ ಚಪ್ಪಲಿ ಹುಡುಕುತ್ತಿದ್ದೆ.

ಡಿಸೆಂಬರ್ ಮೊದಲ ವಾರ ಒಂದು ಸಂಜೆ ಅವರು ಬೆಂಚಿಗೆ ಬಂದು ಕೂರಲಿಲ್ಲ, ನಿಂತೇ ಇದ್ದರು.

"ಗಂಗಮ್ಮನೋರೆ, ಕ್ರಿಸ್‌ಮಸ್ ರಜಕ್ಕೆ ಬಸ್ ಬುಕ್ ಮಾಡೀನಿ. ಮಲ್ಪೆಗೆ. ಅನಘಾ, ಶ್ರೀಶ, ನಿಮ್ಮ ಸೊಸಿ, ನಾನು. ಮತ್ತ ನೀವು. ನೋಡಿ ಬಂದೋರು ಜೊತಿಗಿದ್ರ ಮಕ್ಕಳಿಗೆ ಧೈರ್ಯ."

ಮಕ್ಕಳಿಬ್ಬರೂ ಬೆಂಚಿನ ಸುತ್ತ ಕುಣಿಯತೊಡಗಿದರು.

ಮನೆಯಲ್ಲಿ ಮಗ ಮಧುಕುಮಾರ ಮುದ್ದೆ ಮುರಿಯುತ್ತಾ ನನ್ನ ಮುಖ ನೋಡಿದ. "ಅಮ್ಮ, ನಾವ್ಯಾವಾಗ ಮಲ್ಪೆಗೆ..." ಎಂದು ಶುರುಮಾಡಿದ. ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಸಾರು ಸುರಿದೆ. ಅವನು ತಿನ್ನತೊಡಗಿದ. ನಾನು ತಿನ್ನಲಿಲ್ಲ.

ನಿಜ ಹೇಳಿಬಿಡೋಣ ಎಂದು ಎರಡು ಸಲ ಪಾರ್ಕಿಗೆ ಹೋದೆ. ಮೊದಲನೇ ಸಲ ಅವರು ಹೊಸ ಕ್ಯಾನ್ವಾಸ್ ಶೂ ತೋರಿಸಿದರು. ಎರಡನೇ ಸಲ ಅನಘಾ ನನ್ನ ತೊಡೆಯ ಮೇಲೆ ತಲೆಯಿಟ್ಟು, "ಅಜ್ಜಿ, ನೀನಿದ್ರೆ ನಂಗೆ ಅಲೆ ಭಯ ಇಲ್ಲ" ಎಂದಿತು. ಆ ತಲೆ ನೂರು ಮಣ ಭಾರವಿತ್ತು. ಹೇಳಲಾಗಲಿಲ್ಲ.

ಘಾಟಿ ಇಳಿಯುವಾಗ ರಮ್ಯನಿಗೆ ವಾಂತಿಯಾಗಿ, ಅವಳು ಮಲ್ಪೆಯ ರೂಮಿನಲ್ಲೇ ಮಲಗಿದಳು. ಮಕ್ಕಳನ್ನು ಕರೆದುಕೊಂಡು ನಾವಿಬ್ಬರೇ ದೋಣಿಯ ಕ್ಯೂನಲ್ಲಿ ನಿಂತೆವು. ಸಮುದ್ರ ಎದುರಿಗಿತ್ತು. ನಾನು ನೋಡಲಿಲ್ಲ. ನೋಡಿ ಬೆರಗಾದರೆ ಸಿಕ್ಕಿಬೀಳುತ್ತೇನೆಂದು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಾ ನಿಂತೆ. ಅಷ್ಟು ದೊಡ್ಡದು, ನನ್ನ ಜೀವಮಾನದಲ್ಲಿ ಮೊದಲ ಸಲ ಎದುರಿಗಿದ್ದದ್ದು, ಅದನ್ನು ಕಳ್ಳಿಯ ಹಾಗೆ ಓರೆಗಣ್ಣಲ್ಲಿ ನೋಡಿದೆ.

ಬೇಜಾರು ಕಳೆಯಲು ಅನಘಾ ತಾತನ ಚೀಲದಿಂದ ಆ ಉದ್ದನೆಯ ನೋಟ್‌ಬುಕ್ಕು ಎಳೆದು ಜೋರಾಗಿ ಓದತೊಡಗಿತು.

"ಒಂದು. ದೋಣಿಯಲ್ಲಿ ಮಕ್ಕಳನ್ನು ನಡುವೆ ಕೂರಿಸಬೇಕು. ಇಳಿಯುವಾಗ ಹೆಂಗಸರ ಕೈ ಹಿಡಿಯಬೇಕು. ಚನ್ನಕೇಶವ ಅವರು ಹಿಡಿದಿದ್ದರು. ಎರಡು. ಮರಳಲ್ಲಿ ಊರು ಕಟ್ಟುವುದು. ಮೂರು. ಏಡಿಗಳಿಗೆ ಹೆಸರಿಟ್ಟು ಓಟ. ಬ್ರಾಕೆಟ್. ಇಲ್ಲಿ ಗಂಗಮ್ಮನವರು ಸೆರಗು ಬಾಯಿಗೆ ಹಿಡಿದು ನಕ್ಕರು."

"ಅನು, ಕೊಡಿಲ್ಲಿ" ಎಂದರು ತಾತ.

"ನಾಲ್ಕು. ಆಮೆ ಮೇಲೆ ಸವಾರಿ. ನಂಬುವಂತಿಲ್ಲ. ಬ್ರಾಕೆಟ್. ಆದರೂ ಚೆನ್ನಾಗಿ ಹೇಳಿದರು. ಇವತ್ತು ಹಸಿರು ಸೀರೆ."

ಸೋಮಲಿಂಗಪ್ಪನವರು ಪುಸ್ತಕ ಕಿತ್ತುಕೊಂಡರು. ಕತ್ತಿನಿಂದ ಹಣೆಯವರೆಗೆ ಕೆಂಪಾಗಿದ್ದರು. "ಸರ್ವೆ ಪುಸ್ತಕದಾಗ ಕಂಡದ್ದೆಲ್ಲಾ ಬರೀಬೇಕ್ರಿ" ಎಂದರು ಸಮುದ್ರದ ಕಡೆ ನೋಡುತ್ತಾ. "ಅದು ರೂಲು."

"ಸೀರೆ ಬಣ್ಣಾನೂ ರೂಲಾ ಸಾಹೇಬ್ರೇ?"

ಅವರು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದರು. ಬೇರೆ ದಿನವಾಗಿದ್ದರೆ ಒಂದು ವಾರ ಕಾಡಿಸುತ್ತಿದ್ದೆ. ಅವತ್ತು ಆಗಲಿಲ್ಲ. ಇಷ್ಟು ಅಕ್ಕರೆಯಿಂದ ನನ್ನ ಮಾತನ್ನು ಯಾರೂ ಎತ್ತಿಟ್ಟುಕೊಂಡಿರಲಿಲ್ಲ. ಎತ್ತಿಟ್ಟುಕೊಂಡಿದ್ದೆಲ್ಲಾ ಸುಳ್ಳಾಗಿತ್ತು.

ದ್ವೀಪದಲ್ಲಿ ದೋಣಿ ನಿಂತಾಗ ಅವರು ಮೊದಲು ಇಳಿದು, ಒಂದನೇ ನಂಬರಿನಲ್ಲಿ ಬರೆದಿದ್ದಂತೆಯೇ ಕೈ ಚಾಚಿದರು. ಹಿಡಿದೆ. ಪೆನ್ಸಿಲ್ ಹಿಡಿದು ಹಿಡಿದು ತೋರುಬೆರಳಲ್ಲಿ ಗಂಟು ಬಿದ್ದ ಕೈ. ಇಳಿದ ಮೇಲೂ ಒಂದು ಗಳಿಗೆ ಇಬ್ಬರೂ ಬಿಡಲಿಲ್ಲ. ನನ್ನ ಜೀವನದಲ್ಲಿ ಒಬ್ಬ ಗಂಡಸು ನನ್ನ ಕೈ ಹಿಡಿದು ಇಳಿಸಿದ್ದು ಅದೇ ಮೊದಲು. ಅದನ್ನು ಹೇಳಿಕೊಂಡು ಹಿಗ್ಗುವ ಹಾಗೂ ಇರಲಿಲ್ಲ. ಅವರ ಪುಸ್ತಕದ ಪ್ರಕಾರ ಅದು ಎರಡನೇ ಸಲ.

"ಬ್ಯಾಗು, ಚಪ್ಪಲಿ ಎಲ್ಲಿಡೋದು ಅಜ್ಜಿ?" ಎಂದ ಶ್ರೀಶ.

ನನ್ನ ತವರು ತಾವರೆಕೆರೆಯ ಆಚೆ. ಕೆರೆಯಲ್ಲಿ ಬಟ್ಟೆ ಒಗೆದು ಬೆಳೆದವಳು. ನೀರಂಚಿನ ಕಲ್ಲಿನ ಮೇಲೆ ಬುತ್ತಿ ಇಟ್ಟರೆ ಸಂಜೆಯವರೆಗೂ ಅಲ್ಲೇ ಇರುತ್ತದೆ. ಕೆರೆಯ ನೀರು ಎದ್ದು ಬರುವುದಿಲ್ಲ. ನೀರು ಎಲ್ಲಿದ್ದರೂ ನೀರೇ ಎಂದುಕೊಂಡು, ಎಲ್ಲ ಬಲ್ಲವಳ ಹಾಗೆ ಬೆರಳು ತೋರಿಸಿದೆ.

"ಆ ಕಪ್ಪು ಕಲ್ಲಿನ ಮೇಲೆ ಇಡು ಮಗ. ನೀರು ಈ ಕಲ್ಲು ದಾಟಲ್ಲ. ನಂಗೊತ್ತು."

ಸೋಮಲಿಂಗಪ್ಪನವರು ಕಲ್ಲನ್ನೂ ನೀರನ್ನೂ ಒಂದು ಸಲ ನೋಡಿದರು. ಹೊಲ ಅಳೆದವರು, ಸಮುದ್ರ ಅವರಿಗೂ ಹೊಸದು. "ಗಂಗಮ್ಮನೋರು ಹೇಳಿದ್ಮೇಲೆ ಆತು" ಎಂದು ಚೀಲ ಇಟ್ಟು, ಹೊಸ ಕ್ಯಾನ್ವಾಸ್ ಶೂ ಬಿಚ್ಚಿ ಅದರ ಪಕ್ಕ ಜೋಡಿಸಿದರು. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಮಕ್ಕಳ ಬಟ್ಟೆ, ನೋಟ್‌ಬುಕ್ಕು.

ಆ ಎರಡು ಗಂಟೆ ಹೇಗೆ ಹೋಯಿತೋ. ಮಕ್ಕಳು ಮರಳಲ್ಲಿ ಕುರುಬರಹಳ್ಳಿ ಕಟ್ಟಿದರು. ಸರ್ಕಲ್ಲು, ಪಾರ್ಕು, ನಮ್ಮ ಬೆಂಚು. ಬೆಂಚಿನ ಮೇಲೆ ಎರಡು ಚಿಪ್ಪು. ಒಂದು ತಾತ, ಒಂದು ಅಜ್ಜಿ ಎಂದಿತು ಅನಘಾ, ಚಿಪ್ಪುಗಳನ್ನು ಹತ್ತಿರ ಸರಿಸುತ್ತಾ. ಅವರು ನನ್ನನ್ನು ನೋಡಿದರು, ನಾನು ಏಡಿಯನ್ನು ನೋಡಿದೆ. ಆಮೇಲೆ ನಾಲ್ಕೂ ಜನ ಆ ಕಡೆ ಕಂಬದ ಕಲ್ಲುಗಳ ಹತ್ತಿರ ಕಣ್ಣಾಮುಚ್ಚಾಲೆಗೆ ಹೋದೆವು. ಅರವತ್ತೊಂಬತ್ತು ವರ್ಷದ ಸರ್ವೆಯರ್ ಸಾಹೇಬರು ಕಲ್ಲಿನ ಹಿಂದೆ ಅವಿತು, ಬಿಳಿ ಷರಟಿನ ಚುಂಗು ಕಾಣುತ್ತಿದ್ದರೂ ಸಿಕ್ಕಿಬೀಳಲಿಲ್ಲ ಎಂದು ವಾದಿಸುತ್ತಿದ್ದರು.

ಹಿಂದಿರುಗಿ ಬಂದಾಗ ಕಪ್ಪು ಕಲ್ಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೀರಿತ್ತು. ಚೀಲವಿಲ್ಲ, ಚಪ್ಪಲಿಯಿಲ್ಲ. ಮರಳಿನ ಕುರುಬರಹಳ್ಳಿ ಅರ್ಧ ಕರಗಿತ್ತು, ಬೆಂಚಿನ ಗುರುತಿರಲಿಲ್ಲ. ಒಂದು ಕ್ಯಾನ್ವಾಸ್ ಶೂ ದೂರದಲ್ಲಿ ಬಾತುಕೋಳಿಯಂತೆ ತೇಲುತ್ತಾ ಹೋಗುತ್ತಿತ್ತು. ಕಾವಲಿನವರು ಸೀಟಿ ಊದಿ, ಇದು ದಿನಾ ಏರುವ ನೀರು, ಯಾರ್ರೀ ಅಲ್ಲಿ ಇಡೋಕೆ ಹೇಳಿದ್ದು ಎಂದು ಬೈದರು.

ಯಾರೂ ನನ್ನ ಕಡೆ ಕೈ ತೋರಿಸಲಿಲ್ಲ. ಅನಘಾ ಮಾತ್ರ ಮೆಲ್ಲಗೆ ಕೇಳಿತು. "ಅಜ್ಜಿ, ನೀನು ಮುಂಚೆ ಬಂದಿದ್ದೆ ಅಲ್ವಾ? ಆವಾಗ ನೀರು ಬಂದಿರ್ಲಿಲ್ವಾ?"

ಮಗುವಿನ ಕಣ್ಣಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೋ ಏನೋ.

"ಬಂದಿರ್ಲಿಲ್ಲ ಕಣಮ್ಮ" ಎಂದೆ. "ನೀರಲ್ಲ. ನಾನು. ನಾನು ಯಾವತ್ತೂ ಬಂದಿರ್ಲಿಲ್ಲ. ನಮ್ಮೆಜಮಾನ್ರು ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ಹೇಳಿದ್ದೆಲ್ಲಾ ಸುಳ್ಳು."

ಕೊನೆಯ ಮಾತನ್ನು ಮಗುವಿಗೆ ಹೇಳಲಿಲ್ಲ, ಪಕ್ಕದಲ್ಲಿ ನಿಂತವರಿಗೆ ಹೇಳಿದೆ. ಅವರು ದೂರ ಹೋಗಿ ಮರಳಲ್ಲಿ ಬಗ್ಗಿ ಕೂತರು. ಬಹಳ ಹೊತ್ತು ಅಲ್ಲೇ ಇದ್ದರು. ದೋಣಿಯಲ್ಲಿ ಮಾತಿಲ್ಲ, ಬಸ್ಸಿನಲ್ಲಿ ಮಾತಿಲ್ಲ. ನಾಲ್ಕು ಜನ ಬರಿಗಾಲಲ್ಲಿ, ಹಸಿದುಕೊಂಡು, ಬಿಸಿ ಕಾಂಕ್ರೀಟಿನ ಮೇಲೆ ನಡೆದಿದ್ದು ಇವತ್ತಿಗೂ ನನ್ನ ಅಂಗಾಲಿನಲ್ಲಿದೆ.

ಆಮೇಲೆ ಒಂಬತ್ತು ದಿನ ನಾನು ಪಾರ್ಕಿಗೆ ಹೋಗಲಿಲ್ಲ. ಮಂಡಿ ನೋವು ಎಂದೆ. ರಮ್ಯ ಎಣ್ಣೆ ತಂದು ತಿಕ್ಕುತ್ತಾ, "ಅತ್ತೆ, ನೀವು ಸಮುದ್ರ ನೋಡಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದಳು.

"ಮತ್ತೆ ಯಾಕೆ ಸುಮ್ನಿದ್ದೆ?"

"ಆ ಸುಳ್ಳು ಹೇಳಿ ಬಂದ ದಿನ ನೀವು ಹಾಡ್ಕೊಂಡು ಪಾತ್ರೆ ತೊಳೀತಿದ್ರಿ. ಮದುವೆಯಾಗಿ ಬಂದಾಗಿಂದ ನೀವು ಹಾಡಿದ್ದು ಕೇಳಿರ್ಲಿಲ್ಲ ನಾನು."

ನಾನು ಗೋಡೆ ಕಡೆ ತಿರುಗಿ ಮಲಗಿದೆ. ಸೊಸೆಗೂ ಗೊತ್ತಿತ್ತು ಅಂದರೆ ಇನ್ನು ಮುಚ್ಚಿಕೊಳ್ಳಲು ಸೆರಗು ಎಷ್ಟು ಉದ್ದ ಇದ್ದರೂ ಸಾಲದು.

ಹತ್ತನೇ ದಿನ ಸಂಜೆ ಐದಕ್ಕೆ ಗೇಟು ಸದ್ದಾಯಿತು. ಶ್ರೀಶ ಓಡಿಬಂದು, "ಅಜ್ಜಿ, ಬೆಂಚ್ ತಾತ" ಎಂದ. ರಮ್ಯ ಮಗುವನ್ನು ಕರೆದುಕೊಂಡು, ಯಾರೂ ಕೇಳದಿದ್ದರೂ, ಕೊತ್ತಂಬರಿ ಸೊಪ್ಪು ತರುತ್ತೇನೆ ಎಂದು ಹೊರಟುಹೋದಳು.

ಸೋಮಲಿಂಗಪ್ಪನವರು ಜಗಲಿಯ ಮೇಲೆ ಕೂತು, ಕಾಗದದ ಪೊಟ್ಟಣ ಮುಂದಿಟ್ಟರು. ಬಿಚ್ಚಿದೆ. ಒಂದು ಜೊತೆ ಚಪ್ಪಲಿ. ಹಾಕಿದರೆ ಹೊಲಿಸಿದಂತೆ ಕೂತವು.

"ನನ್ನ ಅಳತೆ ಯಾರ್ ಹೇಳಿದ್ರು ನಿಮ್ಗೆ?"

"ಮರಳಾಗ ನಿಮ್ಮ ಹೆಜ್ಜಿ ಮೂಡಿತ್ತಲ್ರಿ. ಒಂದು ಗೇಣು, ಎರಡು ಬೆರಳು."

ಅವರು ಅವತ್ತು ದೂರ ಹೋಗಿ ಮರಳಲ್ಲಿ ಬಗ್ಗಿ ಕೂತಿದ್ದು ನೆನಪಾಯಿತು. ಕೋಪದಿಂದ ಮುಖ ತಿರುಗಿಸಿದರು ಎಂದುಕೊಂಡಿದ್ದೆ.

"ಬೈಯೋದು ಬಿಟ್ಟು ಅಳೀತಾ ಕೂತಿದ್ರಾ?"

"ಬೈಯಾಕೆ ನನಗ್ಯಾವ ಮುಖ ಐತ್ರಿ?" ಅವರು ಜಗಲಿಯ ಕಲ್ಲನ್ನು ಸವರಿದರು. "ಆಮೆ ಸುಳ್ಳು ಅಂತ ಗೊತ್ತಿತ್ತು. ಕೈ ಹಿಡಿದು ಇಳಿಸಿದ್ದು ಮಾತ್ರ ನಿಜ ಅಂತ ತಿಳಕೊಂಡಿದ್ದೆ. ದಿನಾ ಮನಿಗೆ ಹೋಗಿ ಅದನ್ನೇ ಓದ್ತಿದ್ದೆ. ನಮ್ಮಾಕಿ ಶಿವಗಂಗಮ್ಮ ಒಂದೇ ಒಂದು ಸಲ ಕೇಳಿದ್ಲು, ಸಮುದ್ರ ತೋರಸ್ರಿ ಅಂತ. ಊರವರ ಹೊಲ ಅಳಿಯೋದ್ರಾಗ ನಂಗ ಪುರುಸೊತ್ತು ಆಗ್ಲಿಲ್ಲ. ಗಂಡಸಾದೋನು ಹೆಂಗಿರಬೇಕಿತ್ತು ಅಂತ ನಿಮ್ಮ ಯಜಮಾನ್ರನ್ನ ನೋಡಿ ಕಲಿಯಾಕ್ಹತ್ತಿದ್ದೆ. ನಿಮ್ಮ ಮಗ್ಗುಲಾಗ ಕುಂತರೂ ನಾನು ಆ ಮನುಷ್ಯನ ಕಾಲಧೂಳು ಅನ್ನಿಸ್ತಿತ್ತು. ಅದಕ್ಕ ಮೂರು ಗೇಣು ದೂರ ಕೂರ್ತಿದ್ದೆ."

ಇಲ್ಲದ ಗಂಡನೊಬ್ಬನನ್ನು ಕಟ್ಟಿ, ಇದ್ದವರಿಬ್ಬರನ್ನೂ ಸಣ್ಣವರನ್ನಾಗಿ ಮಾಡಿದ್ದೆ. ಹಾಲಿನ ಬಕೀಟು ಹೊತ್ತು ಹೊತ್ತು ಬಾಗಿಹೋದ ಚನ್ನಕೇಶವನನ್ನೂ, ಎದುರಿಗೆ ಕೂತ ಇವರನ್ನೂ.

"ನಮ್ಮೆಜಮಾನ್ರು ದಿನಾ ಮೊದಲನೇ ಲೋಟ ಹಾಲು ನಂಗೇ ಕೊಡ್ತಿದ್ರು. ಅಷ್ಟು ನಿಜ" ಎಂದೆ. "ಮಿಕ್ಕಿದ್ದಕ್ಕೆ ತಪ್ಪಾಯ್ತು ಸಾಹೇಬ್ರೇ."

"ಅದನ್ನೂ ಬರಕೋಬೇಕಿತ್ತು. ಪುಸ್ತಕ ಸಮುದ್ರದ ಪಾಲಾತು."

ಹೀಗೆ ಹೇಳುತ್ತಲೇ ಜೇಬಿನಿಂದ ಹೊಸ ನೋಟ್‌ಬುಕ್ಕು ತೆಗೆದರು. ಅದೇ ಉದ್ದ, ಖಾಲಿ ಹಾಳೆ. ಕಿವಿಯ ಪೆನ್ಸಿಲ್ ಇಳಿಸಿ, ನಾಲಿಗೆಗೆ ತಾಗಿಸಿ, ಕಾದರು.

"ಮತ್ತೆ ಸುಳ್ಳು ಬೇಕಾ ನಿಮ್ಗೆ?"

"ನಾಳಿಂದ ಸುಳ್ಳು ಹೇಳ್ರಿ. ಇವತ್ತೊಂದು ದಿನ ನಿಜ."

ನಾನು ಜಗಲಿಯ ಈ ತುದಿಯಲ್ಲಿ ಕೂತೆ. ಕೂತವಳು ಅವರ ಕಡೆಗೆ ಸ್ವಲ್ಪ ಸರಿದೆ. ಎಷ್ಟು ಗೇಣು ಎಂದು ಅವರೇ ಲೆಕ್ಕ ಹಾಕಿಕೊಳ್ಳಲಿ.

"ಬರ್ಕೊಳಿ. ಒಂದು. ಗಂಗಮ್ಮ ಸಮುದ್ರ ನೋಡಿದ್ದು ಒಂದೇ ಸಲ. ದೋಣಿಯಿಂದ ಅವಳ ಕೈ ಹಿಡಿದು ಇಳ್ಸಿದ್ದು ಸೋಮಲಿಂಗಪ್ಪನವರು. ಅದಕ್ಕೆ ಮುಂಚೆ ಯಾರೂ ಇಳ್ಸಿರ್ಲಿಲ್ಲ."

ಪೆನ್ಸಿಲ್ ಅರ್ಧದಲ್ಲಿ ನಿಂತಿತು. ಆಮೇಲೆ ಮತ್ತೆ ಓಡಿತು. ಕೊನೆಗೆ ಬ್ರಾಕೆಟ್ಟು ಹಾಕಿ ಇನ್ನೇನೋ ಬರೆದು, ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು.

ನಾನು ಓದಿದ್ದು ಮೂರನೇ ಕ್ಲಾಸು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿದೆ. "ಇ... ಲ್ಲಿ. ಇಲ್ಲಿ ಗಂಗಮ್ಮನವರು... ನ... ಕ್ಕ... ರು."

"ಸುಳ್ಳು ಬರ್ದಿದೀರಲ್ಲ ಸಾಹೇಬ್ರೇ. ನಾನೆಲ್ಲಿ ನಕ್ಕೆ?"

"ಕಾಯ್ತೀನ್ರಿ" ಎಂದರು ಅವರು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಸೆರಗು ಹುಡುಕಲು ಹೋದ ನನ್ನ ಕೈಯನ್ನು ಅವರು ಅಷ್ಟರಲ್ಲೇ ಹಿಡಿದುಕೊಂಡಿದ್ದರು.